ಅಮಾಸಿ ಕ್ಲಾಸು

ಇಳಕಲ್ಲಿನ ಕಾಲೇಜಿಗೆ ಸೇರಿದ ದಿನ ಪ್ರಿನ್ಸಿಪಾಲರು ನನ್ನ ಕೈಗೆ ಮೊದಲು ಕೊಟ್ಟಿದ್ದು ಟೈಮ್ ಟೇಬಲ್ ಅಲ್ಲ, ಒಂದು ಕೀಲಿಕೈ. ಎಪ್ಪತ್ತರ ದಶಕದ ನಡುವಿನ ಮಾತು. ನಾನು ಇತಿಹಾಸ ಕಲಿಸಲು ಬಂದವಳು. ಬಾದಾಮಿಯಲ್ಲಿ ಹಂಗಾಮಿಯಾಗಿ ದುಡಿದು, ಕೊನೆಗೂ ಕಾಯಂ ನೌಕರಿ ಸಿಕ್ಕಿತೆಂದು ಬಾಗಲಕೋಟೆಯ ತವರಿನಲ್ಲಿ ಓಣಿಗೆಲ್ಲ ಪೇಢೆ ಹಂಚಿ ಬಂದಿದ್ದೆ. ಇಡೀ ಕಾಲೇಜಿನಲ್ಲಿ ಪಾಠ ಮಾಡುವ ಹೆಂಗಸು ನಾನೊಬ್ಬಳೇ ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು.

"ಇದು ಲೇಡೀಜ್ ರೂಮಿನ ಕೀಲಿರಿ," ಎಂದರು ಪ್ರಿನ್ಸಿಪಾಲರು. "ನೀವು ಹೆಣ್ಮಗಳು ಅದೀರಿ. ನೀವ ನೋಡ್ಕೊಂಡ ಹೋಗ್ರಿ."

"ಏನ್ ನೋಡೂದ್ರಿ ಸರ?"

"ಏನಂದ್ರ... ಹುಡುಗ್ಯಾರು ಎಲ್ಲಿ ಹೋಗ್ತಾರ, ಯಾರ ಜೋಡಿ ಮಾತಾಡ್ತಾರ, ಅಷ್ಟ. ನಾಳೆ ಏನರೆ ಆದ್ರ ಮಂದಿ ನಮ್ಮನ್ನ ಕೇಳ್ತಾರ."

ಅಂದರೆ ನನ್ನನ್ನು ಕಾವಲಿಗೆ ಇಟ್ಟಿದ್ದರು. ಎಂ.ಎ. ಓದಿ, ರಾಜವಂಶಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿ ಬಂದವಳಿಗೆ ಸಿಕ್ಕಿದ ಮೊದಲ ಕೆಲಸ ಹುಡುಗಿಯರ ಜಡೆ ಎಣಿಸುವುದು. ಕೀಲಿ ತೆಗೆದು ಒಳಗೆ ಹೋದರೆ ಅದು ಮೊದಲು ಆಟದ ಸಾಮಾನು ಇಡುತ್ತಿದ್ದ ಕೋಣೆ. ಹರಿದ ವಾಲಿಬಾಲ್ ಬಲೆ ಇನ್ನೂ ಗೋಡೆಗೆ ಜೋತಾಡುತ್ತಿತ್ತು. ಎರಡು ಬೆಂಚು, ಒಂದು ನೀರಿನ ಕೊಡ. ಇದ್ದ ಒಂದೇ ಕಿಟಕಿಗೆ ಹುಡುಗರು ಇಣುಕುತ್ತಾರೆಂದು ಹಲಗೆ ಇಟ್ಟು ಮೊಳೆ ಹೊಡೆದಿದ್ದರು. ಇಣುಕುವವರಿಗೆ ಇಡೀ ಮೈದಾನ, ಇಣುಕಿಸಿಕೊಳ್ಳುವವರಿಗೆ ಮೊಳೆ ಹೊಡೆದ ಕಿಟಕಿ. ನನಗೆ ಮೈ ಉರಿಯಿತು. ಸಿಪಾಯಿಯನ್ನು ಕರೆದು ಆವತ್ತೇ ಮೊಳೆ ಕೀಳಿಸಿದೆ. ಪ್ರಿನ್ಸಿಪಾಲರು ಯಾಕೆಂದು ಕೇಳಿದಾಗ, "ಒಳಗ ಉಸಿರುಗಟ್ಟಿ ಯಾರರೆ ಬಿದ್ರ ಆವಾಗೂ ಮಂದಿ ನಿಮ್ಮನ್ನ ಕೇಳ್ತಾರಲ್ರಿ ಸರ," ಎಂದೆ.

ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ತಡ. ನನ್ನ ಯಜಮಾನರು ಹುನಗುಂದದಲ್ಲಿ ಹೈಸ್ಕೂಲ್ ಮಾಸ್ತರರಾಗಿದ್ದರು. ನಾನು ಅಲ್ಲಿಂದ ದಿನಾ ಬಸ್ಸಿಗೆ ಇಳಕಲ್ಲಿಗೆ ಹೋಗಿ ಬರುತ್ತಿದ್ದೆ. "ಸಿಟ್ಟನ್ನ ಬಸ್ಸಿನ್ಯಾಗ ಬಿಟ್ಟ ಇಳಿ ಮಾರಾಯ್ತಿ, ಮನೀತನಕ ತರಬ್ಯಾಡ," ಎಂದು ಅವರು ಚೇಷ್ಟೆ ಮಾಡುತ್ತಿದ್ದರು. ನಾನು ಬಿಟ್ಟು ಇಳಿಯಲಿಲ್ಲ. ಈಗ ಯೋಚಿಸಿದರೆ, ಆ ಕಾಲೇಜಿನಲ್ಲಿ ನಾನು ಮಾಡಿದ ಕೆಲಸಕ್ಕೆಲ್ಲ ಅದೇ ಬಂಡವಾಳ.

ಕಾವಲಿಗೆ ಕೂತ ಮೇಲೆ ಕಣ್ಣಿಗೆ ಬಿದ್ದ ಮೊದಲ ಸಂಗತಿ ಎಂದರೆ ಹುಡುಗಿಯರು ಮಾಯವಾಗುತ್ತಿದ್ದರು. ಸೋಮವಾರ ಬೆಂಚು ತುಂಬಿದ್ದರೆ ಬುಧವಾರ ಅರ್ಧ ಖಾಲಿ. ಒಬ್ಬಳು ನಾಲ್ಕು ದಿನ ಬಂದು ಎರಡು ದಿನ ಕಾಣೆ, ಮತ್ತೊಬ್ಬಳು ಮಧ್ಯಾಹ್ನ ಹೋದವಳು ಮರುದಿನವೂ ಇಲ್ಲ. ಸ್ಟಾಫ್ ರೂಮಿನಲ್ಲಿ ಶೇಂಗಾ ತಿನ್ನುತ್ತ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ನೇಕಾರ ಮನಿ ಹುಡುಗ್ಯಾರಿಗೆ ಓದಿನ ಖಬರ ಎಲ್ಲಿರತೈತ್ರಿ ಮೇಡಂ? ಮದಿವಿ ಆಗೂತನ ಹೊತ್ತು ಕಳೀಬೇಕು, ಕಳೀತಾವ," ಎಂದರು. ಅವರು ಯಾರಾದರೂ ಒಬ್ಬಳ ಮನೆಗೆ ಹೋಗಿದ್ದಾರೆಯೇ ಎಂದು ಕೇಳಿದೆ. "ನಾ ಯಾಕ ಹೋಗ್ಲಿ?" ಎಂದು ಸಿಪ್ಪೆ ಊದಿದರು.

ನಾನು ಹೋದೆ. ಹೋಗಿದ್ದು ನನ್ನ ಇತಿಹಾಸದ ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಒಬ್ಬ ಹುಡುಗಿಯ ಮನೆಗೆ. ಬಿ.ಎ. ಎರಡನೆಯ ವರ್ಷದಲ್ಲಿದ್ದಳು. ಚಾಲುಕ್ಯರ ಪಾಠ ಮಾಡುವಾಗ ಎದ್ದು ನಿಂತು, "ಐಹೊಳಿ ಗುಡಿ ಕಟ್ಟಿದವರ ಮನಿ ಹೆಣ್ಮಕ್ಳು ಏನ್ ಕೆಲಸ ಮಾಡ್ತಿದ್ರಿ?" ಎಂದು ಕೇಳಿದ್ದಳು. ನನ್ನ ಯಾವ ಪುಸ್ತಕದಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಬಸ್ಸಿಗೆ ಹೋಗಿ ಸಂಜೆಯೊಳಗೆ ಮನೆಗೆ ಬರಬಹುದಾದ ಐಹೊಳೆಯನ್ನು ಆಕೆ ನೋಡಿರಲೇ ಇಲ್ಲ.

ಮನೆಯ ಪಡಸಾಲೆಯ ತುಂಬ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಸುಮ್ಮನೆ ಕೂತಿದ್ದರು. ಮಗ್ಗ ನಿಂತಿತ್ತು. ಅದರ ಮುಂದೆ ಹುಡುಗಿ ಮತ್ತು ಆಕೆಯ ಅವ್ವ ಎದುರುಬದುರು ಬಗ್ಗಿ ಕೂತು ಎಳೆಗೆ ಎಳೆ ಸೇರಿಸುತ್ತಿದ್ದರು. ಇಳಕಲ್ ಸೀರೆಯ ಒಡಲಿಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಬೇರೆಯದೇ ಕೆಂಪು ರೇಷ್ಮೆಯ ಹಾಸು. ಎರಡನ್ನೂ ಕುಣಿಕೆಯೊಳಗೆ ಕುಣಿಕೆ ತೂರಿಸಿ ಜೋಡಿಸಬೇಕು. ಇದಕ್ಕೆ ತೆನಿ ಎನ್ನುತ್ತಾರೆ. ತೆನಿ ಮುಗಿಯುವವರೆಗೆ ಮಗ್ಗ ಆಡುವುದಿಲ್ಲ. ಮಗ್ಗ ಆಡದಿದ್ದರೆ ಒಲೆಯ ಮೇಲಿನ ಗಡಿಗೆಯೂ ಸುಮ್ಮನೆ ಕೂರುತ್ತದೆ. ಆ ಮನೆಯಲ್ಲಿ ಅದು ಹೆಂಗಸರ ಕೆಲಸ, ಎರಡು ಜೊತೆ ಕೈ ಬೇಕು. ಹಾಸು ಮುಗಿದಾಗಲೆಲ್ಲ ಮತ್ತೆ ತೆನಿ. ಅದು ಸೋಮವಾರವೇ ಮುಗಿಯಬಹುದು, ಗುರುವಾರವೇ ಮುಗಿಯಬಹುದು. ಕಾಲೇಜಿನ ಟೈಮ್ ಟೇಬಲ್ಲನ್ನು ಕೇಳಿಕೊಂಡು ಮುಗಿಯುವುದಿಲ್ಲ.

"ಸಾಲಿ ಬಿಟ್ಟ ಇಲ್ಲಿ ಕುಂತಿ ಅಂತ ಬೈಯಾಕ ಬಂದೀರೇನ್ರಿ ಅಕ್ಕಾರ?" ಎಂದು ಹುಡುಗಿ ತಲೆ ಎತ್ತದೆ ಕೇಳಿದಳು.

"ಬೈಯಾಕ ಬಂದೇನಿ. ಆದ್ರ ನಿನ್ನಲ್ಲ," ಎಂದೆ. ಯಾರನ್ನು ಬೈಯಬೇಕೆಂದು ಆಗ ನನಗೂ ಗೊತ್ತಿರಲಿಲ್ಲ.

ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಒಂದು ದಿನ ಬೆಳಿಗ್ಗೆ ಲೇಡೀಸ್ ರೂಮಿಗೆ ಕಾಲಿಟ್ಟರೆ ನಿಲ್ಲಲು ಜಾಗವಿಲ್ಲ. ಎಂದೂ ಒಟ್ಟಿಗೆ ಕಾಣದ ಹುಡುಗಿಯರೆಲ್ಲ ತಲೆಗೆ ಎರೆದುಕೊಂಡು, ಹೂ ಮುಡಿದು, ಪುಸ್ತಕ ಹಿಡಿದು ಕೂತಿದ್ದಾರೆ. ಏನು ವಿಶೇಷ ಎಂದು ಕೇಳಿದೆ. "ಇವತ್ತ ಅಮಾಸಿರಿ ಅಕ್ಕಾರ," ಎಂದರು. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ತೊಳೆದು, ಪೂಜೆ ಮಾಡಿ, ಕೈ ಬಿಡುತ್ತಾರೆ. ಆ ಒಂದು ದಿನ ತೆನಿಯಿಲ್ಲ, ಕಂಡಿಕೆಗೆ ನೂಲು ಸುತ್ತುವುದಿಲ್ಲ, ಹುಡುಗಿಯರನ್ನು ಹಿಡಿದಿಡುವವರಿಲ್ಲ. ಆದರೆ ಆ ದಿನ ಕಾಲೇಜಿನಲ್ಲಿ ಕ್ಲಾಸೇ ಇಲ್ಲ. ನಮ್ಮ ಗುರುವೃಂದದಲ್ಲಿ ಅರ್ಧ ಮಂದಿ ಅಮಾಸಿಗೆ ದೇವರಿಗೆ ಹೋಗುವ ಪದ್ಧತಿಯವರು, ರಜೆ ಹಾಕುತ್ತಿದ್ದರು. ಉಳಿದರ್ಧ, ಅಮಾಸಿ ದಿನ ಹೊಸ ಪಾಠ ಶುರು ಮಾಡಬಾರದೆಂದು ಹಾಜರಿ ಕರೆದು ಬಿಟ್ಟುಬಿಡುತ್ತಿದ್ದರು. ಹುಡುಗಿಯರು ಬರಲಾಗದ ದಿನ ಪಾಠ, ಬರಬಹುದಾದ ದಿನ ರಜೆ! ಇಷ್ಟು ಚೆನ್ನಾಗಿ ತಪ್ಪು ಮಾಡಬೇಕೆಂದರೂ ಕೂತು ಆಲೋಚನೆ ಮಾಡಬೇಕಾಗುತ್ತದೆ.

ಪ್ರಿನ್ಸಿಪಾಲರ ಬಳಿ ಹೋಗಿ ಅಮಾಸಿಯ ದಿನ ಹೆಚ್ಚಿನ ಕ್ಲಾಸು ಇಡೋಣ ಎಂದೆ. "ಅಮಾಸಿ ದಿನ ಪಾಠ? ಮಂದಿ ನಗ್ತಾರ್ರಿ," ಎಂದರು. ಮಂದಿ, ಮಂದಿ, ಮಂದಿ. ಆ ಮಂದಿ ಯಾರೆಂದು ಒಮ್ಮೆ ನನಗೆ ಕರೆದು ತೋರಿಸಿ ಎನ್ನಬೇಕೆನಿಸಿತು. ನಾನೇ ಶುರು ಮಾಡಿದೆ. ಇತಿಹಾಸ ಹೇಗೂ ನನ್ನದು. ಎಲ್ಲರೂ ಮುಗ್ಗರಿಸುತ್ತಿದ್ದ ಇಂಗ್ಲಿಷನ್ನೂ ಹೇಳಿಕೊಟ್ಟೆ. ಅರ್ಥಶಾಸ್ತ್ರಕ್ಕೆ ಒಬ್ಬ ತರುಣ ಸಹೋದ್ಯೋಗಿ ತಾನಾಗಿಯೇ ಬಂದರು. ಊರಿನ ಹಳೆಯ ಮುಸಲ್ಮಾನ ಮನೆತನದವರು. "ನಾ ಬರ್ತೇನಿ ಮೇಡಂ. ನನಗ ಅಮಾಸಿ ಏನು, ಹುಣ್ಣಿವಿ ಏನು? ಪಗಾರ ಒಂದ," ಎಂದು ನಕ್ಕರು. ಹೀಗೆ ತಿಂಗಳಿಗೊಮ್ಮೆ, ಬೆಳಗಿನಿಂದ ಸಂಜೆಯವರೆಗೆ, ನಮ್ಮ ಅಮಾಸಿ ಕ್ಲಾಸು ನಡೆಯಿತು. ಹುಡುಗಿಯರು ಪಾಸಾಗತೊಡಗಿದರು. ಆಗ ಯಾರೂ ನಗಲಿಲ್ಲ.

ಐಹೊಳೆಯ ಪ್ರಶ್ನೆ ಕೇಳಿದ ಹುಡುಗಿ ಕೊನೆಯ ವರ್ಷಕ್ಕೆ ಬಂದಳು. ಬಾಗಲಕೋಟೆಗೆ ಹೋಗಿ ಬಿ.ಎಡ್. ಮಾಡಿ ಮಾಸ್ತರಿಕೆ ಮಾಡಬೇಕೆಂಬುದು ಆಕೆಯ ಆಸೆ. ಮನೆಯಲ್ಲಿ ಅಪ್ಪ ಒಂದು ಮಾತು ಕೊಟ್ಟಿದ್ದರು: ಬಿ.ಎ. ಮುಗಿಯುವವರೆಗೆ ಮದುವೆಯ ಮಾತು ಎತ್ತುವುದಿಲ್ಲ, ಪಾಸಾದರೆ ಮುಂದೆ ಓದಿಸುತ್ತೇನೆ. ಆದರೆ ಒಂದು ವರ್ಷ ತಪ್ಪಿದರೂ ಓದು ಅಲ್ಲಿಗೇ ಮುಗಿದಂತೆ. ಒಂದು ಮನೆಯವರು ಹೆಣ್ಣು ಕೇಳಿಕೊಂಡು ಬಂದು ಹೋಗಿಯೂ ಇದ್ದರು. ಹೀಗಿರುವಾಗ ಪರೀಕ್ಷೆಗೆ ಮುಂಚೆ ನೋಟೀಸ್ ಬೋರ್ಡಿನಲ್ಲಿ ಹಾಜರಾತಿ ಸಾಲದವರ ಹೆಸರು ಬಂದವು. ಅದರಲ್ಲಿ ಆಕೆಯದೂ ಇತ್ತು. ಅಮಾಸಿ ಕ್ಲಾಸುಗಳು ಟೈಮ್ ಟೇಬಲ್ಲಿನಲ್ಲಿ ಇಲ್ಲದ್ದರಿಂದ ಅವು ಲೆಕ್ಕಕ್ಕಿಲ್ಲ. ನನ್ನೆದುರು ಇಡೀ ದಿನ ಕೂತು ಓದಿದ ಹುಡುಗಿ ಕಾಲೇಜಿನ ಪ್ರಕಾರ ಎಲ್ಲೂ ಇರಲಿಲ್ಲ.

ಪ್ರಿನ್ಸಿಪಾಲರು ಶಿಫಾರಸು ಮಾಡಿದರೆ ವಿನಾಯಿತಿ ಸಿಗುತ್ತಿತ್ತು. ಅವರ ಟೇಬಲ್ಲಿನ ಮುಂದೆ ನಿಂತು ನಾನು ದನಿ ಏರಿಸಿ ಮಾತಾಡಿದ್ದು ವರಾಂಡದವರೆಗೆ ಕೇಳಿತೆಂದು ಆಮೇಲೆ ಹೇಳಿದರು. ಅವರು ಪೆನ್ನಿನ ಟೊಪ್ಪಿಗೆ ತೆಗೆಯುತ್ತ, ಹಾಕುತ್ತ, "ಚೇರಮನ್ನರು ಹೂಂ ಅಂದ್ರ ನಂದೇನೂ ತಕರಾರಿಲ್ರಿ," ಎಂದರು.

ಕಾಲೇಜಿನ ಆಡಳಿತ ಮಂಡಳಿಯ ಆ ಚೇರ್ಮನ್ನರು ಯಾರು? ಊರಿನ ದೊಡ್ಡ ಸೀರೆ ವ್ಯಾಪಾರಿ, ಸಾವಕಾರರು. ಓಣಿ ಓಣಿಯ ಮಗ್ಗಗಳಿಗೆ ನೂಲು, ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುವವರು. ಆ ಹುಡುಗಿಯ ಅಪ್ಪನ ಮಗ್ಗದ ಮೇಲೆ ಇದ್ದದ್ದೂ ಅವರದೇ ನೂಲು. ಲಗ್ನಸರಾಯಿ ಬಂತೆಂದರೆ, ಅಂದರೆ ಮದುವೆಗಳ ಕಾಲ ಬಂತೆಂದರೆ, ಸೀರೆ ಬೇಗ ಕೊಡಿ ಎಂದು ಅವರ ಗುಮಾಸ್ತ ಮನೆ ಮನೆಗೆ ತಿರುಗುತ್ತಿದ್ದ. ನಮ್ಮ ಪರೀಕ್ಷೆಗಳೂ ಅದೇ ಹೊತ್ತಿಗೆ. ಹುಡುಗಿಯರನ್ನು ಕಾಲೇಜಿನಿಂದ ಎಳೆದುಕೊಂಡವರೂ ಅವರೇ, ಬಾರದಿದ್ದಕ್ಕೆ ಶಿಕ್ಷೆ ಕೊಡುವವರೂ ಅವರೇ. ಬೈಯಬೇಕಾದವರು ಯಾರೆಂದು ಕೊನೆಗೂ ನನಗೆ ಗೊತ್ತಾಯಿತು.

ಅಂಗಡಿಗೆ ಹೋದೆ. ಬಿಳಿ ಗಾದಿಯ ಮೇಲೆ ಲೋಡಿಗೆ ಒರಗಿ ಕೂತಿದ್ದವರು ಎದ್ದು ಕೂತು, "ಬರ್ರಿ ಮೇಡಂ, ಬರ್ರಿ," ಎಂದು ಚಹಾ ತರಿಸಿದರು. ಬೇಕೆಂದೇ ಹೇಳುತ್ತಿದ್ದೇನೆ, ಅವರು ಒರಟು ಮನುಷ್ಯರಲ್ಲ. ಒರಟಾಗಿದ್ದರೆ ನನ್ನ ಕೆಲಸ ಸಲೀಸಾಗುತ್ತಿತ್ತು. ಪ್ರತಿ ಸಭೆಯಲ್ಲೂ ಕಾಯಕದ ಮಹಿಮೆ ಹೇಳದೆ ಅವರು ಮಾತು ಮುಗಿಸುತ್ತಿರಲಿಲ್ಲ. ಆ ಶಬ್ದ ಕೇಳಿಯೇ ನಾನು ದೊಡ್ಡವಳಾದದ್ದು. ನನ್ನಪ್ಪ ಬೆಳಗಿನ ಪೂಜೆ ಮುಗಿಸಿ ಅಂಗಡಿಗೆ ಹೊರಡುವಾಗ ಅದನ್ನು ಆಡುತ್ತಿದ್ದುದು ತನಗೆ ತಾನೇ ಹೇಳಿಕೊಳ್ಳುವುದಕ್ಕೆ, ಬೇರೆಯವರನ್ನು ದುಡಿಸುವುದಕ್ಕಲ್ಲ.

"ಹಾಜರಿ ಇಲ್ಲದ ಹುಡುಗೀನ ಪರೀಕ್ಷಾಕ್ಕ ಕೂಡಿಸಿದ್ರ ಉಳದವ್ರು ಏನಂತಾರ್ರಿ ಮೇಡಂ? ಶಿಸ್ತು ಅನ್ನೂದು ಒಂದು ಇರಬೇಕಲ್ರಿ," ಎಂದರು.

"ಆಕಿ ಎಲ್ಲಿ ಇದ್ಲು ಅಂತ ನಿಮಗ ಗೊತ್ತಿಲ್ಲೇನ್ರಿ?"

"ನಮಗ ಹ್ಯಾಂಗ ಗೊತ್ತಾಗಬೇಕ್ರಿ?"

ಅವರ ಹಿಂದಿನ ಕಪಾಟಿನಲ್ಲಿ ಮಡಿಸಿಟ್ಟ ಸೀರೆಗಳು ಮಾಡಿನವರೆಗೆ ಏರಿದ್ದವು. ನಾನು ಅತ್ತ ಕೈ ತೋರಿಸಿದೆ. "ಅಲ್ಲಿ ಇದ್ಲು."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ನೋಡಿದ. ಸಾವಕಾರರು ನಕ್ಕರು. ನಕ್ಕು, ಚಹಾದ ಬಸಿಯನ್ನು ಬದಿಗಿಟ್ಟು, ಮೆತ್ತಗೆ ತಮ್ಮ ಮಾತು ಹೇಳಿದರು. ವಿನಾಯಿತಿಗೆ ಹೂಂ ಎನ್ನುತ್ತೇನೆ. ಆದರೆ ಆ ಅಮಾಸಿ ಕ್ಲಾಸು ಬಂದ್ ಆಗಬೇಕು. ಕಾಲೇಜಿನಲ್ಲಿ ಇನ್ನು ಅದು ನಡೆಯಬಾರದು. "ರಜಾ ದಿನ ವಯಸ್ಸಿಗೆ ಬಂದ ಹುಡುಗ್ಯಾರನ್ನ ಕೂಡಿಸ್ಕೊಂಡು, ಆ ಹುಡುಗ ಲೆಕ್ಚರರನ್ನ ಕರಕೊಂಡು ಸಂಜೀತನ ಕೂಡ್ತೀರಿ. ಮಂದಿ ಆಡ್ಕೋತಾರ್ರಿ. ನಾಳೆ ಒಂದ ಹೋಗಿ ಒಂದ ಆದ್ರ?"

ನಾನು ಚಹಾ ಕುಡಿಯದೆ ಬಿಟ್ಟೆ. ಆ ತರುಣ ಲೆಕ್ಚರರ್ ಹುಡುಗಿಯರನ್ನು "ಅವ್ವಾ", "ತಂಗೀ" ಎಂದು ಕರೆಯುತ್ತಿದ್ದವರು. ಅವರ ಹೆಸರಿಗೆ ಮಸಿ ಬಳಿಯಲು ಇವರಿಗೆ ನಾಲಿಗೆ ತಡವರಿಸಲೇ ಇಲ್ಲ. ನಿಜವಾದ ಕಾರಣ ಬೇರೆಯಿತ್ತು. ಪಾಸಾಗುವ ರುಚಿ ಕಂಡ ಮೇಲೆ ಕೆಲವು ಹುಡುಗಿಯರು ಪರೀಕ್ಷೆಯ ತಿಂಗಳಲ್ಲಿ ತೆನಿಗೆ ಕೂರುವುದಿಲ್ಲ ಎನ್ನತೊಡಗಿದ್ದರು, ಒಬ್ಬಿಬ್ಬರ ಮನೆಯವರು ಗುಮಾಸ್ತನಿಗೆ ಹಾಗೇ ಹೇಳಿ ಕಳಿಸಿದ್ದರು. ಸಾವಕಾರರಿಗೆ ತಟ್ಟಿದ್ದು ಅದು.

ನಾನು ಒಪ್ಪಿಕೊಂಡೆ. ಹುಡುಗಿಯ ವರ್ಷ ನನ್ನ ಕಣ್ಣ ಮುಂದಿತ್ತು, ಒಪ್ಪದೆ ಬೇರೆ ದಾರಿ ಕಾಣಲಿಲ್ಲ. ಹುನಗುಂದದ ಬಸ್ಸಿನಲ್ಲಿ ಇಡೀ ಹಾದಿ ಹಲ್ಲು ಕಡಿದುಕೊಂಡು ಕೂತಿದ್ದೆ. ಆ ದಿನ ಯಜಮಾನರು ಚೇಷ್ಟೆ ಮಾಡಲಿಲ್ಲ, ಊಟಕ್ಕೆ ಬಡಿಸಿದರು.

ಮರುದಿನ ಲೇಡೀಸ್ ರೂಮಿನಲ್ಲಿ ಹುಡುಗಿಗೆ ವಿಷಯ ಹೇಳಿದೆ. ಖುಷಿಪಡುತ್ತಾಳೆ, ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದೆಲ್ಲ ಅಂದುಕೊಂಡಿದ್ದೆ. ಆಕೆ ಮುಖ ಕೆಂಪು ಮಾಡಿಕೊಂಡು ಎದ್ದು ನಿಂತಳು.

"ಯಾರನ್ನ ಕೇಳಿ ಹೂಂ ಅಂದ್ರಿ ಅಕ್ಕಾರ?"

"ನಿನ್ನ ಸಲುವಾಗಿ ಅಂದೆ."

"ನಾ ಕೇಳಿದ್ನೇನ್ರಿ? ನಾ ಪಾಸಾಗಿ ಹೋಗ್ತೇನಿ. ನನ್ನ ಹಿಂದ ಬರೂ ಹುಡುಗ್ಯಾರು ಏನ್ ಮಾಡಬೇಕು? ನನ್ನ ಒಬ್ಬಾಕಿ ಸಲುವಾಗಿ ಅವರೆಲ್ಲಾರ್ದೂ ಬಂದ್ ಮಾಡಿಸಿದ್ರಿ!"

ನನಗೆ ಸಿಟ್ಟು ನೆತ್ತಿಗೇರಿತು. ಊರೆಲ್ಲ ಜಗಳಾಡಿ ತಂದುಕೊಟ್ಟಿದ್ದನ್ನು ಹೀಗೆ ಮುಖಕ್ಕೆ ಎಸೆಯುವುದೇ! ಅದರ ಬೆನ್ನಿಗೇ ಹೆಮ್ಮೆಯೂ ಆಯಿತು. ನಾನು ಕಲಿಸಿದ ರಾಜವಂಶಗಳನ್ನು ಆಕೆ ಮರೆಯಬಹುದು, ನನ್ನ ಸಿಟ್ಟನ್ನಂತೂ ಕಲಿತುಬಿಟ್ಟಿದ್ದಳು. ಆಕೆ ಬಾಗಿಲು ದೂಡಿಕೊಂಡು ಹೊರಟೇಹೋದಳು.

ಸಂಜೆ ಬಸ್ಸಿಗೆ ಮುಂಚೆ ಆಕೆಯ ಮನೆಗೆ ಹೋದೆ. ಸಮಾಧಾನ ಹೇಳಲು ಅಲ್ಲ, ಜಗಳ ಮುಗಿಸಲು. ಅವ್ವ ಆಗಲೇ ಎಲ್ಲ ಕೇಳಿದ್ದರು. ಕೈಯಲ್ಲಿದ್ದ ರೊಟ್ಟಿಯ ಹಿಟ್ಟು ತಿಕ್ಕಿಕೊಳ್ಳುತ್ತ ಹೇಳಿದರು: "ಕಾಲೇಜಿನ್ಯಾಗ ಬ್ಯಾಡ ಅಂದಾರ, ಹೌದಲ್ರಿ? ನಮ್ಮ ಮನಿ ಏನ್ ಕಾಲೇಜೇನ್ರಿ? ಅಮಾಸಿಗೆ ಮಗ್ಗ ಹ್ಯಾಂಗೂ ನಿಂತಿರತೈತಿ. ಇಲ್ಲೇ ಬಂದ ಹೇಳ್ರಿ."

ಮುಂದಿನ ಅಮಾಸಿಗೆ ಕ್ಲಾಸು ಆ ಮನೆಯ ಪಡಸಾಲೆಯಲ್ಲಿ ಕೂತಿತು. ಮಗ್ಗಕ್ಕೆ ವಿಭೂತಿ, ಕುಂಕುಮ, ಹೂವು. ಕೂರಲು ಜಾಗ ಸಾಲದೆ ನಾಲ್ಕೈದು ಹುಡುಗಿಯರು ಮಗ್ಗದ ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ಅರ್ಥಶಾಸ್ತ್ರದವರು ನೆಲದ ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಬೇಡಿಕೆ ಹೆಚ್ಚಾದರೆ ಬೆಲೆ ಹೇಗೆ ಏರುತ್ತದೆಂದು ಹೇಳುತ್ತಿದ್ದರು. ಕುಣಿಯ ಅಂಚಿನಿಂದ ಒಬ್ಬಳು ಕೇಳಿದಳು, "ಹಂಗಾರ ಲಗ್ನಸರಾಯಿಯೊಳಗ ನಮ್ಮಪ್ಪನ ಮಜೂರಿ ಯಾಕ ಏರಂಗಿಲ್ರಿ ಸರ?" ಅವರು ಕೆಮ್ಮಿ, "ಅದು ಸಿಲೆಬಸ್ಸಿನ್ಯಾಗ ಇಲ್ಲವ್ವಾ," ಎಂದರು. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು, ಎಲ್ಲರೂ ನಕ್ಕೆವು.

ಗುಮಾಸ್ತ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದ. ಆ ಮನೆಯ ನೂಲು ನಿಲ್ಲಿಸುತ್ತಾರೆಂದು ಸುದ್ದಿ ಹಬ್ಬಿತು. ಅದನ್ನು ಕೇಳಿ, ಮತ್ತೊಂದು ಅಮಾಸಿಗೆ ಪಕ್ಕದ ಮನೆಯವರು ಕರೆದರು, ಆಮೇಲೆ ಎದುರಿನ ಮನೆಯವರು. ಮದುವೆಗಳ ಕಾಲದಲ್ಲಿ ಇಡೀ ಓಣಿಯ ಮಗ್ಗಗಳನ್ನು ನಿಲ್ಲಿಸಿ ಸಾವಕಾರರು ಮಾರುವುದಾದರೂ ಏನನ್ನು? ಸುಮ್ಮನಾದರು. ಕೊಟ್ಟ ಮಾತಿಗೆ ನಾನು ತಪ್ಪಿರಲಿಲ್ಲ. ಕಾಲೇಜಿನ ಲೇಡೀಸ್ ರೂಮಿಗೆ ಅಮಾಸಿಯ ದಿನ ನಾನೇ ಕೈಯಾರೆ ಕೀಲಿ ಹಾಕಿ ಬರುತ್ತಿದ್ದೆ.

ಈ ನಡುವೆಯೇ ಪರೀಕ್ಷೆ ಶುರುವಾಯಿತು. ಇತಿಹಾಸದ ಪೇಪರಿನ ದಿನ ನನಗೆ ಪರೀಕ್ಷಾ ಕೋಣೆಯ ಕಾವಲಿನ ಕೆಲಸವಿರಲಿಲ್ಲ. ಆದರೂ ಬೆಳಗಿನ ಬಸ್ಸಿಗೇ ಹೊರಟೆ. ಸ್ಟ್ಯಾಂಡಿನಲ್ಲಿ ಇಳಿದವಳು ನೇರ ಕಾಲೇಜಿಗೆ ಹೋಗದೆ ಆ ಓಣಿಯ ಕಡೆ ತಿರುಗಿದೆ. ಯಾಕೆಂದು ಕೇಳಿದರೆ ಹೇಳಲಾರೆ. ಮನಸ್ಸಿಗೆ ಸಮಾಧಾನವಿರಲಿಲ್ಲ, ಅಷ್ಟೆ.

ಮಗ್ಗ ನಿಂತಿತ್ತು. ಹುಡುಗಿ ತೆನಿಗೆ ಕೂತಿದ್ದಳು. ಕಾಲೇಜಿಗೆ ಹೋಗುವ ಸೀರೆ ಉಟ್ಟು, ಜಡೆ ಹೆಣೆದುಕೊಂಡು, ಹಾಲ್ ಟಿಕೆಟ್ ಸೇರಿಸಿಟ್ಟ ಪುಸ್ತಕವನ್ನು ಪಕ್ಕದಲ್ಲೇ ಇಟ್ಟುಕೊಂಡು, ಬಗ್ಗಿ ಎಳೆಗೆ ಎಳೆ ಸೇರಿಸುತ್ತಿದ್ದಳು. ಎದುರಿಗೆ ಅವ್ವ. ಯಾವುದೋ ಮದುವೆಯ ಸೀರೆ ತುರ್ತಾಗಿ ಬೇಕೆಂದು ಹಿಂದಿನ ಸಂಜೆ ಗುಮಾಸ್ತ ಹೇಳಿಹೋಗಿದ್ದನಂತೆ.

"ಏಳು," ಎಂದೆ.

"ಇನ್ನೊಂದಿಷ್ಟ ಐತ್ರಿ ಅಕ್ಕಾರ. ಮುಗಿಸಿ ಓಡ್ತೇನಿ."

ಎದುರಿದ್ದ ಎಳೆಗಳನ್ನು ನೋಡಿದೆ. ಇನ್ನೊಂದಿಷ್ಟಲ್ಲ, ಅರ್ಧಕ್ಕಿಂತ ಹೆಚ್ಚು ಬಾಕಿಯಿತ್ತು. ಕಾಲೇಜಿನಲ್ಲಿ ಮೊದಲ ಗಂಟೆ ಹೊಡೆಯುವ ಹೊತ್ತು. ಅವ್ವ ನನ್ನ ಮುಖ ನೋಡುತ್ತಿರಲಿಲ್ಲ. ಅಪ್ಪ ಕುಣಿಯಲ್ಲಿ ಕೂತು ಬೀಡಿಯನ್ನು ಹಚ್ಚದೆ ಕೈಯಲ್ಲಿ ತಿರುಗಿಸುತ್ತಿದ್ದರು. ಇವರು ಕೆಟ್ಟವರಲ್ಲ, ಈ ಮನೆಯಲ್ಲೇ ನಾನು ಹೋಳಿಗೆ ಉಂಡಿದ್ದೇನೆ. ಆದರೂ ಮೂವರೂ ಸೇರಿ ಒಂದು ಇಡೀ ವರ್ಷವನ್ನು ತೆಪ್ಪಗೆ ಸೆರಗಿಗೆ ಕಟ್ಟುತ್ತಿದ್ದರು.

"ಏಳು ಅಂದ್ರ ಏಳು!" ಎಂದು ಕೂಗಿದೆ. ಓಣಿಯ ನಾಯಿ ಬೊಗಳಿತು. ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿ, ಪುಸ್ತಕವನ್ನು ಕೈಗೆ ತುರುಕಿ, ಬಾಗಿಲಿನವರೆಗೆ ದೂಡಿದೆ. ಆಕೆ ಒಮ್ಮೆ ತಿರುಗಿ ಅವ್ವನನ್ನು ನೋಡಿ, ಓಡಿದಳು. ನಾನು ಆಕೆ ಬಿಟ್ಟೆದ್ದ ಜಾಗದಲ್ಲಿ ಕೂತೆ. "ಹೇಳಿಕೊಡ್ರಿ," ಎಂದೆ.

ಅವ್ವ ಹೇಳಿಕೊಟ್ಟರು. ಅವರ ಬೆರಳು ಹತ್ತು ಕುಣಿಕೆ ಸೇರಿಸುವಷ್ಟರಲ್ಲಿ ನನ್ನದು ಒಂದು. ಒಮ್ಮೆ ಬಿಗಿ, ಒಮ್ಮೆ ಸಡಿಲು. ಬೆನ್ನು ಸೆಟೆಯಿತು, ಕಣ್ಣಲ್ಲಿ ನೀರು ಬಂತು. "ಏನ್ ಕೈರಿ ಅಕ್ಕಾರ ಇದು, ಎಮ್ಮಿ ಕಟ್ಟೂ ಗಂಟ ಹಾಕಾಕತ್ತೀರಿ," ಎಂದು ಅವ್ವ ಬೈದರು. ಬೈಯುವುದಕ್ಕೆ ಶುರು ಮಾಡಿದ ಮೇಲೆ ಅವರ ಮುಖ ಸಡಿಲವಾಯಿತು. ಮಧ್ಯಾಹ್ನ ಹುಡುಗಿ ಪರೀಕ್ಷೆ ಮುಗಿಸಿ ಬರುವ ಹೊತ್ತಿಗೆ ತೆನಿ ಮುಗಿದು ಮಗ್ಗ ಆಡತೊಡಗಿತ್ತು.

ನನ್ನ ಕೈಯ ತೆನಿ ಸೊಟ್ಟವಾಗಿತ್ತು. ಒಡಲು ಸೆರಗನ್ನು ಸೇರುವ ಕಡೆ ಬಟ್ಟೆ ಸುಕ್ಕುಸುಕ್ಕಾಗಿ, ಗೆರೆ ಓರೆಯಾಗಿ ಕಾಣುತ್ತಿತ್ತು. ಗುಮಾಸ್ತ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಎಸೆದನಂತೆ. ಸೀರೆಯನ್ನು ಬೆಲೆ ಕೊಟ್ಟು ನಾನೇ ತೆಗೆದುಕೊಂಡೆ. ಹುಡುಗಿ ಪಾಸಾದಳು. ಸಾಮಾನ್ಯ ಪಾಸಲ್ಲ, ಕಾಲೇಜಿಗೇ ಮೊದಲು.

ಮುಂದಿನ ವರ್ಷದ ಗ್ಯಾದರಿಂಗ್ ದಿನ, ಕಾಲೇಜಿನ ವಾರ್ಷಿಕೋತ್ಸವಕ್ಕೆ, ಆ ಸೀರೆ ಉಟ್ಟುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂತೆ. ಸೆರಗನ್ನು ಮುಂದೆ ಎಳೆದು, ಸೊಟ್ಟ ಕಾಣುವಂತೆ ತೊಡೆಯ ಮೇಲೆ ಹರಡಿಕೊಂಡೆ. ವೇದಿಕೆಗೆ ಹೋಗುವ ಮುನ್ನ ಸಾವಕಾರರು ಮಾತಾಡಿಸಲು ನಿಂತರು. ಹುಟ್ಟಿದಾಗಿನ ವ್ಯಾಪಾರ, ಕಣ್ಣು ನೇರ ಅಲ್ಲಿಗೇ ಹೋಯಿತು.

"ನಮ್ಮೂರ ಸೀರಿ ಉಟ್ಟೀರಿ, ಛಲೋ ಆತು. ಆದರ ತೆನಿ ಸೊಟ್ಟ ಐತಲ್ರಿ ಮೇಡಂ. ಯಾರ ಕೈಯಿದು?"

"ನನ್ನ ಕೈರಿ ಸಾವಕಾರ್ರ. ನಿಮ್ಮ ನೂಲು, ನನ್ನ ಕೈ. ಹಾಕೂ ಹುಡುಗಿ ಅವತ್ತ ಪರೀಕ್ಷಾದಾಗ ಇದ್ಲು."

ಅವರು ಜೋರಾಗಿ ನಕ್ಕು, "ಹಂಗಾರ ನೀವೂ ನಮ್ಮ ನೇಕಾರ್ರು ಆದ್ರಿ!" ಎಂದು ಮೇಲೆ ಹೋದರು. ಭಾಷಣದಲ್ಲಿ ಆ ಹುಡುಗಿಯ ಹೆಸರು ಹೇಳಿ, ಇದು ನಮ್ಮ ಸಂಸ್ಥೆಯ ಶಿಸ್ತಿಗೆ ಮತ್ತು ಕಾಯಕನಿಷ್ಠೆಗೆ ಸಂದ ಫಲ ಎಂದರು. ಚಪ್ಪಾಳೆ ಬಿತ್ತು. ನಾನು ಕೈ ತಟ್ಟಲಿಲ್ಲ.

ನಾನು ಆ ಕಾಲೇಜಿನಲ್ಲಿದ್ದಷ್ಟು ಕಾಲವೂ ಅಮಾಸಿ ಕ್ಲಾಸು ಓಣಿಯ ಮನೆಗಳಲ್ಲೇ ನಡೆಯಿತು. ಟೈಮ್ ಟೇಬಲ್ಲಿಗೆ ಅದು ಬರಲೇ ಇಲ್ಲ. ಹುಡುಗಿ ಬಾಗಲಕೋಟೆಯಲ್ಲಿ ಬಿ.ಎಡ್. ಮುಗಿಸಿ ಕಮತಗಿಯ ಕಡೆ ಒಂದು ಹೈಸ್ಕೂಲಿನಲ್ಲಿ ಮಾಸ್ತರಿಕೆಗೆ ಸೇರಿದಳು. ಎಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ರಜೆಯಲ್ಲಿ ಹುನಗುಂದದ ನಮ್ಮ ಮನೆಗೆ ಬಂದಳು. ಮಾತಿನ ನಡುವೆ ಆ ಸೀರೆ ತೋರಿಸಿದೆ. ಸೊಟ್ಟ ತೆನಿಯ ಮೇಲೆ ಬೆರಳಾಡಿಸಿ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆಯೂ ಬೆರಳು ಅಲ್ಲೇ ಇತ್ತು.

"ಅಕ್ಕಾರ, ಅವತ್ತ ನೀವು ಬರದಿದ್ರ ನಾ ಏಳತಿದ್ದಿಲ್ರಿ."

"ಪರೀಕ್ಷಾ ಬಿಡ್ತಿದ್ದೇನು?"

"ಬಿಡಬೇಕಂತ ಏನಿರಲಿಲ್ರಿ. ಮುಗಿಸಿ ಹೋಗೂಣು, ಮುಗಿಸಿ ಹೋಗೂಣು ಅಂತ ಕುಂತ ಬಿಡ್ತಿದ್ದೆ."

ಚೇರ್ಮನ್ನರ ಶರತ್ತಿಗೆ ನನ್ನ ಮೇಲೆ ಹಾಗೆ ಹಾರಿಬಿದ್ದ ಹುಡುಗಿ, ಸಣ್ಣ ದನಿಯಲ್ಲಿ ಹೀಗೆ ಹೇಳಿ, ಸೀರೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ನಾನು ಸೀರೆ ಹಿಡಿದು ಅಲ್ಲೇ ಕೂತೆ. ಸಿಟ್ಟು ಬಂತು. ಸಾವಕಾರರ ಮೇಲೆ, ಪ್ರಿನ್ಸಿಪಾಲರ ಮೇಲೆ, ಶೇಂಗಾ ತಿನ್ನುತ್ತಿದ್ದವರ ಮೇಲೆ ಇದ್ದ ಸಿಟ್ಟೆಲ್ಲ ಹಳತು. ಇದು ಹೊಸದು. ಇತಿಹಾಸದ ಪೇಪರಿನ ಆ ಬೆಳಿಗ್ಗೆ ಓಣಿಯ ಬೇರೆ ಮನೆಗಳಲ್ಲೂ ತೆನಿಗೆಂದು ಮಗ್ಗಗಳು ನಿಂತಿದ್ದವು. ನಾನು ಹೋಗಿದ್ದು ಒಂದೇ ಮನೆಗೆ.